ಬ್ಲಾಗಿಗ, ಕೊಂಡಿ, ಸ್ಲಗ್: ಬ್ಲಾಗಿನ ಮಾತುಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ತಿಂಗಳು ಇದೇ ಪುಟದಲ್ಲಿ ಬ್ಲಾಗ್ ಶುರು ಮಾಡೋದು ಹೇಗೆ ಅಂತ ಬರೆದಿದ್ದೆ. ಅದರಲ್ಲಿ ಬಂದ ಪದಗಳ ಬಗ್ಗೆಯೇ ಜಾಸ್ತಿ ಪತ್ರ ಬಂದಿವೆ. ನನಗೆ ಇದು ಖುಷಿಯ ವಿಷಯ. ಅಪ್ಪ ಗದಗಿನ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು, ನಾನು ಡಿಟಿಪಿ ಅಂಗಡಿ ನಡೆಸುತ್ತೇನೆ. ಪದಗಳ ಜೊತೆಗೇ ನಮ್ಮ ಮನೆ ನಡೆದಿದೆ. ಹಾಗಾಗಿ ಈ ಸಲ ಇಡೀ ಪುಟ ಪದಗಳಿಗೇ ಮೀಸಲು.

*

ಪ್ರಶ್ನೆ: 35 ವರ್ಷ ಕನ್ನಡ ಕಲಿಸಿದ್ದೇನೆ. ಈಗ ಮೊಮ್ಮಗಳ ಸಹಾಯದಿಂದ ನೆಟ್‌ನಲ್ಲಿ ಬರೆಯುತ್ತಿದ್ದೇನೆ. ಆದರೆ ‘ಬ್ಲಾಗ್’ ಅನ್ನುವ ಪದ ಬಾಯಿಗೆ ಒಗ್ಗುತ್ತಿಲ್ಲ. ಎಲ್ಲಿಂದ ಬಂತು ಇದು? ಒಂದು ಒಳ್ಳೆಯ ಕನ್ನಡ ಪದ ಸಿಗುವುದಿಲ್ಲವೇ?
(ನಿವೃತ್ತ ಶಿಕ್ಷಕರು, ಹಾವೇರಿ)

ಗುರುಗಳೇ, ಮೊದಲು ಪದದ ಹುಟ್ಟು ಹೇಳುತ್ತೇನೆ. 1997ರ ಡಿಸೆಂಬರ್ 17ರಂದು ಜೋರ್ನ್ ಬಾರ್ಗರ್ ಎಂಬ ಅಮೆರಿಕದವರು ತಮ್ಮ ಪುಟವನ್ನು ‘ವೆಬ್‌ಲಾಗ್’ ಅಂತ ಕರೆದರು. ದಿನಾ ನೆಟ್‌ನಲ್ಲಿ ಓದಿದ್ದರಲ್ಲಿ ಚಲೋ ಅನಿಸಿದ್ದನ್ನು ಅಲ್ಲಿ ಗುರುತು ಹಾಕಿ ಇಡುತ್ತಿದ್ದರು. ಲಾಗ್ ಅಂದರೆ ಮರದ ತುಂಡು. ಹಿಂದೆ ಹಡಗಿನವರು ಗಂಟು ಹಾಕಿದ ಹಗ್ಗಕ್ಕೆ ಮರದ ತುಂಡು ಕಟ್ಟಿ ನೀರಿಗೆ ಎಸೆಯುತ್ತಿದ್ದರು. ಮರಳು ಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟು ಕೈಯಿಂದ ಜಾರಿದವು ಅಂತ ಎಣಿಸಿ ಹಡಗಿನ ವೇಗ ಬರೆದಿಡುತ್ತಿದ್ದರು. ಬರೆದಿಡುವ ಪುಸ್ತಕಕ್ಕೂ ಆ ತುಂಡಿನ ಹೆಸರೇ ಅಂಟಿಕೊಂಡಿತು. 1999ರಲ್ಲಿ ಪೀಟರ್ ಮೆರ್ಹೋಲ್ಜ್ ಎಂಬವರು ವೆಬ್‌ಲಾಗ್ ಪದವನ್ನು ತಮಾಷೆಗೆ ಬೇರೆ ಕಡೆ ಬಿಡಿಸಿದರು. ‘ವಿ ಬ್ಲಾಗ್’, ಅಂದರೆ ನಾವು ಬ್ಲಾಗುತ್ತೇವೆ. ಮುಂದಿದ್ದ ‘ವಿ’ ಉದುರಿ ‘ಬ್ಲಾಗ್’ ಉಳಿಯಿತು. ಅದೇ ವರ್ಷ ಆಗಸ್ಟಿನಲ್ಲಿ, ಬ್ಲಾಗ್ ನಡೆಸಲು ಅನುವು ಮಾಡುವ ‘ಬ್ಲಾಗರ್’ ತಾಣ ಶುರುವಾಯಿತು. 2003ರಲ್ಲಿ ಗೂಗಲ್ ಅದನ್ನು ಕೊಂಡಿತು. 2004ರಲ್ಲಿ ಮೆರಿಯಂ-ವೆಬ್‌ಸ್ಟರ್ ನಿಘಂಟಿನವರು ‘ಬ್ಲಾಗ್’ ಅನ್ನು ವರ್ಷದ ಪದ ಅಂದರು. ಐದೇ ವರ್ಷದ ಕೂಸಿಗೆ ನಿಘಂಟಿನವರ ಪಟ್ಟ ನೋಡಿ.

ಇನ್ನು ಕನ್ನಡ ಪದ. ನಾನೂ ಹುಡುಕಿದ್ದೇನೆ. ನಮ್ಮ ಸೋದರಮಾವನದು ಎಪಿಎಂಸಿಯಲ್ಲಿ ದಲಾಲಿ ಅಂಗಡಿ. ಅಲ್ಲಿ ಗಾದಿಯ ಮೇಲೆ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕ ಇರುತ್ತಿತ್ತು, ಕಿರ್ದಿ. ಇವತ್ತು ಎಷ್ಟು ಚೀಲ ಶೇಂಗಾ ಬಂತು, ಯಾರಿಗೆ ಎಷ್ಟು ಸಂದಾಯವಾಯಿತು, ಎಲ್ಲ ತಾರೀಖಿನ ಪ್ರಕಾರ. ಲಾಗ್‌ಬುಕ್ಕಿಗೆ ಇದಕ್ಕಿಂತ ಹತ್ತಿರದ ಪದ ನನಗೆ ಸಿಕ್ಕಿಲ್ಲ. ನನ್ನ ಬ್ಲಾಗಿಗೆ ಮೂರು ತಿಂಗಳು ‘ಕಿರ್ದಿ’ ಅಂತಲೇ ಹೆಸರಿಟ್ಟಿದ್ದೆ. ಆದರೆ ಓದುವವರು ಫೋನಿನಲ್ಲಿ “ನಿಮ್ಮ ಬ್ಲಾಗ್ ನೋಡಿದೆ” ಅಂತಲೇ ಅನ್ನುತ್ತಿದ್ದರು. ಇನ್ನೊಂದು ಮಾತು: ಕಿರ್ದಿಯಲ್ಲಿ ಹಳೆಯದು ಮೇಲೆ, ಹೊಸದು ಕೆಳಗೆ. ಬ್ಲಾಗಿನಲ್ಲಿ ಉಲ್ಟಾ. ಇವತ್ತಿನದು ತಲೆಯ ಮೇಲೆ, ನಿನ್ನೆಯದು ಕೆಳಗೆ ಸರಿಯುತ್ತದೆ. ಬ್ಲಾಗಿನ ಸ್ವಭಾವವೇ ಅದರಲ್ಲಿದೆ.

ಈಗ ನನಗೆ ಆ ಹಠ ಇಲ್ಲ. ಯಾಕೆಂದರೆ ಕನ್ನಡಿಗರು ತಮ್ಮ ಪಾಡಿಗೆ ತಾವು ಒಂದು ಒಳ್ಳೆಯ ಕೆಲಸ ಮಾಡಿಬಿಟ್ಟಿದ್ದಾರೆ. ಗಾಣ ನಡೆಸುವವರು ಗಾಣಿಗ. ಲೆಕ್ಕ ಬರೆಯುವವರು ಲೆಕ್ಕಿಗ. ಬ್ಲಾಗ್ ಬರೆಯುವವರು ಬ್ಲಾಗಿಗ! ಇದನ್ನು ಯಾವ ಸಮಿತಿಯೂ ಕೂತು ಮಾಡಿಕೊಡಬೇಕಾಗಲಿಲ್ಲ. ನಮ್ಮ ‘ಇಗ’ ಹಚ್ಚಿಕೊಂಡ ಮೇಲೆ ಆ ಪದ ನಮ್ಮ ಮನೆಯದೇ. ಅಪ್ಪನ ಪ್ರೆಸ್ಸಿನಲ್ಲೂ ಹಾಗೇ ಇತ್ತು. ಪ್ರೂಫು, ಬ್ಲಾಕು, ಗ್ಯಾಲಿ, ಇವೆಲ್ಲ ಎಲ್ಲಿಯವು? “ಪ್ರೂಫಿನ್ಯಾಗ ತಪ್ಪು ಉಳದಾವ” ಅಂತ ಅಪ್ಪ ಬೈಯುವಾಗ ಅದು ಪರಭಾಷೆ ಅಂತ ಯಾರಿಗೂ ಅನಿಸುತ್ತಿರಲಿಲ್ಲ. ಪದ ಎಲ್ಲಿಂದಾದರೂ ಬರಲಿ, ಬ್ಲಾಗನ್ನು, ಬ್ಲಾಗಿಗೆ, ಬ್ಲಾಗಿನಲ್ಲಿ ಅಂತ ವಿಭಕ್ತಿ ಹಚ್ಚಿದರೆ ತಡವರಿಸದೆ ಬರುತ್ತದಲ್ಲ, ಅಷ್ಟು ಸಾಕು ಅಂತ ನನ್ನ ನಂಬಿಕೆ. ನೀವು ವ್ಯಾಕರಣ ಕಲಿಸಿದವರು. ಒಪ್ಪುವುದಿಲ್ಲ ಅಂದರೆ ಖಂಡಿತ ಬರೆಯಿರಿ.

*

ಪ್ರಶ್ನೆ: ಅಕ್ಕಾ, ನಾನು ಕಥೆ ಬರೆದು ಹಾಕ್ತೀನಿ. 200 ಜನ ನೋಡಿದ್ದಾರೆ ಅಂತ ತೋರಿಸುತ್ತೆ, ಕಾಮೆಂಟು ಬರೀ 2. ಅದರಲ್ಲಿ ಒಂದು ಸುಮ್ನೆ ಬೈಗುಳ. ಓದಿ ಮಾತಾಡದೆ ಹೋಗೋರಿಗೆ ‘ಲರ್ಕರ್’ ಅಂತಾರಂತೆ, ಬೈಯೋರಿಗೆ ‘ಟ್ರೋಲ್’ ಅಂತೆ. ಇಬ್ಬರಿಂದಲೂ ಬೇಜಾರಾಗಿದೆ.
(ಬಿ.ಎ. ವಿದ್ಯಾರ್ಥಿ, ಹುಬ್ಬಳ್ಳಿ)

ತಮ್ಮಾ, ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಬೇಡ. ಇಂಗ್ಲಿಷಿನಲ್ಲಿ ಲರ್ಕ್ ಅಂದರೆ ಹೊಂಚಿ ಕೂರೋದು. ಪದ ಕೇಳಿದರೆ ಕಳ್ಳನ ನೆನಪು ಬರುತ್ತದೆ. ಆದರೆ ನೆಟ್‌ನಲ್ಲಿ ಅದು ಬೈಗುಳವಲ್ಲ, ಸುಮ್ಮನೆ ಓದುವವರು ಅಂತಷ್ಟೇ. ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಸಂಜೆ ಉಪನ್ಯಾಸ ಇದ್ದಾಗ ಹೋಗಿ ನೋಡು. ಹಿಂದಿನ ಸಾಲಿನಲ್ಲಿ ಕೆಲವರು ಕೊಡೆ, ಕೈಚೀಲ ತೊಡೆಯ ಮೇಲೆ ಇಟ್ಟುಕೊಂಡು ಕೂತಿರುತ್ತಾರೆ. ಒಂದು ಪ್ರಶ್ನೆ ಕೇಳುವುದಿಲ್ಲ, ಮುಗಿದ ಮೇಲೆ ಎದ್ದು ಹೋಗುತ್ತಾರೆ. ಮುಂದಿನ ವಾರ ಮತ್ತೆ ಅಲ್ಲೇ ಕೂತಿರುತ್ತಾರೆ. ಸಭೆ ನಿಂತಿರೋದು ಅವರ ಮೇಲೆಯೇ ಅಲ್ವಾ? ಅವರನ್ನು ನಾನು ‘ಹಿಂದಿನ ಸಾಲಿನವರು’ ಅನ್ನುತ್ತೇನೆ. ಜೇಕಬ್ ನೀಲ್ಸನ್ ಎಂಬ ತಜ್ಞರು 2006ರಲ್ಲಿ ಒಂದು ಅಂದಾಜು ಸೂತ್ರ ಬರೆದರು. ನೆಟ್‌ನಲ್ಲಿ 100 ಜನ ಸೇರಿದರೆ 90 ಜನ ಬರೀ ಓದುತ್ತಾರೆ, 9 ಜನ ಆಗಾಗ ಬಾಯಿ ಬಿಡುತ್ತಾರೆ, ಒಬ್ಬರೇ ಜಾಸ್ತಿ ಮಾತಾಡುತ್ತಾರೆ ಅಂತ. ಆ ಲೆಕ್ಕಕ್ಕೆ ಹೋಲಿಸಿದರೂ ನಿನ್ನದು ಕಮ್ಮಿಯೇ. ಆದರೂ 200 ಜನ ಪುಟ ತೆರೆದಿದ್ದಾರೆ. ಆ ಮೌನವನ್ನು ತಿರಸ್ಕಾರ ಅಂದುಕೊಳ್ಳಬೇಡ.

ಟ್ರೋಲ್ ಬೇರೆ. ಮೀನು ಹಿಡಿಯಲು ಗಾಳದ ದಾರವನ್ನು ದೋಣಿಯ ಹಿಂದೆ ಎಳೆದುಕೊಂಡು ಹೋಗುವುದಕ್ಕೆ ಇಂಗ್ಲಿಷಿನಲ್ಲಿ ಟ್ರೋಲಿಂಗ್ ಅನ್ನುತ್ತಾರೆ. ಯಾರಾದರೂ ಕಚ್ಚಲಿ ಅಂತ ಕೆಣಕುವ ಮಾತು ಎಸೆಯುವವರಿಗೆ ಆ ಹೆಸರು ಬಂತು. ನಮ್ಮ ಕಡೆ ಇದಕ್ಕೆ ಎಂದೋ ಮಾತಿದೆ: ಕಾಲು ಕೆದರಿ ಜಗಳಕ್ಕೆ ಬರೋದು. ಒಂದು ವಿಚಿತ್ರ ಗಮನಿಸಿದ್ದೀಯಾ? ಈಗ ಕನ್ನಡದಲ್ಲಿ ‘ಟ್ರೋಲ್ ಮಾಡಿದರು’ ಅಂದರೆ ಯಾರನ್ನೋ ಹಿಡಿದು ಎಲ್ಲರೂ ಸೇರಿ ಗೇಲಿ ಮಾಡಿದರು ಅಂತ. ಗಾಳ ಹೋಯಿತು, ಗುಂಪು ಬಂತು. ಹಾಗಾಗಿ ನಿನ್ನ ಪುಟದ ಬೈಗುಳದವನಿಗೆ ನಾನು ಹಳೆಯ ಮಾತನ್ನೇ ಬಳಸುತ್ತೇನೆ, ಕಾಲು ಕೆದರುವವನು. ಅವನಿಗೆ ಉತ್ತರ ಕೊಡಬೇಡ. ಅಳಿಸಿ ಹಾಕು. ಇನ್ನೊಂದು ಕಾಮೆಂಟು ಬರೆದವರಿಗೆ ಇವತ್ತೇ ಎರಡು ಸಾಲು ಬರಿ.

*

ಪ್ರಶ್ನೆ: ನಾನು ಅಡುಗೆ ಬ್ಲಾಗ್ ಬರೀತೀನಿ. ಮಾದಲಿ ಮಾಡೋದನ್ನ ಫೋಟೋ ಸಮೇತ ಹಾಕಿದ್ದೆ. ನಾದಿನಿಗೆ ಲಿಂಕ್ ಕಳಿಸಿದರೆ ಅವಳಿಗೆ ಬೇರೆ ಅಡುಗೆ ಕಾಣ್ತದಂತೆ. ಅದೂ ಸಾಲದು ಅಂತ, ಯಾರೋ ನನ್ನ ಮಾದಲಿಯನ್ನ ಫೋಟೋ ಸಮೇತ ಎತ್ತಿ ತಮ್ಮ ಪೇಜಿಗೆ ಹಾಕಿಕೊಂಡಿದ್ದಾರೆ. ‘ಹ್ಯಾಟ್ ಟಿಪ್’ ಕೊಡಬೇಕಿತ್ತು ಅಂತ ಮಗ ಅಂದ. ಅದೇನದು?
(ಗೃಹಿಣಿ, ಲಕ್ಷ್ಮೇಶ್ವರ)

ಅಕ್ಕಾ, ನಾದಿನಿಯ ವಿಷಯ ಸುಲಭ. ನೀವು ಕಳಿಸಿದ್ದು ಬ್ಲಾಗಿನ ಮುಂಬಾಗಿಲ ವಿಳಾಸ. ಅಲ್ಲಿ ಯಾವಾಗಲೂ ಹೊಸ ಅಡುಗೆಯೇ ಮೇಲೆ ಇರುತ್ತದೆ. ಮಾದಲಿಯ ನಂತರ ನೀವು ಇನ್ನೇನೋ ಹಾಕಿದ್ದೀರಿ, ಮಾದಲಿ ಕೆಳಗೆ ಹೋಗಿದೆ. ಪ್ರತಿ ಬರಹಕ್ಕೂ ಅದರದೇ ವಿಳಾಸ ಇರುತ್ತದೆ. ಅದಕ್ಕೆ ‘ಪರ್ಮಾಲಿಂಕ್’ ಅನ್ನುತ್ತಾರೆ. ನಾನು ಕಾಯಂ ಕೊಂಡಿ ಅನ್ನುತ್ತೇನೆ. ಲಿಂಕಿಗೆ ಕೊಂಡಿ ಅನ್ನೋ ಪದ ನನಗೆ ತುಂಬ ಇಷ್ಟ. ಸರದ ಕೊಂಡಿ, ಬಾಗಿಲ ಕೊಂಡಿ, ಕೈಗೆ ಸಿಗುವಂಥ ಪದ. ಬರಹದ ತಲೆಬರಹವನ್ನು ಒತ್ತಿ, ಆಗ ಮೇಲೆ ಕಾಣುವ ವಿಳಾಸವನ್ನು ನಾದಿನಿಗೆ ಕಳಿಸಿ.

ಕಳವಿನ ವಿಷಯ ಓದಿ ನನಗೆ ಸಂಕಟವಾಯಿತು. ಹ್ಯಾಟ್ ಟಿಪ್ ಅಂದರೆ ಟೋಪಿ ಎತ್ತಿ ನಮಸ್ಕರಿಸೋದು. ಇಂಗ್ಲಿಷ್ ಬ್ಲಾಗಿಗರು ಬೇರೆಯವರ ಪುಟದಿಂದ ಒಂದು ವಿಷಯ ತಿಳಿದರೆ, ಕೊನೆಗೆ ಅವರ ಹೆಸರು ಬರೆದು ಕೊಂಡಿ ಹಾಕುತ್ತಾರೆ. ಇದು ಕಾನೂನಲ್ಲ, ಮರ್ಯಾದೆ. ನಮ್ಮ ಪತ್ರಿಕೆಗಳಲ್ಲಿ ಇದಕ್ಕೆ ಎಷ್ಟೋ ಕಾಲದಿಂದ ಪದ ಇದೆ: ‘ಕೃಪೆ’. ಚಿತ್ರದ ಕೆಳಗೆ ಸಣ್ಣಕ್ಷರದಲ್ಲಿ ‘ಕೃಪೆ’ ಅಂತ ಅಚ್ಚಾಗಿರುತ್ತದಲ್ಲ, ಅದೇ. ಒಂದೇ ಪದದಲ್ಲಿ ಸಾಲವೂ ಇದೆ, ನಮಸ್ಕಾರವೂ ಇದೆ. ಇಷ್ಟು ಚೆಂದದ ಪದ ಇರುವಾಗ ನಾವು ಟೋಪಿ ಎತ್ತಬೇಕಿಲ್ಲ.

ಆದರೆ ಪೂರ್ತಿ ಎತ್ತಿ ಹಾಕಿಕೊಂಡರೆ ಕೃಪೆ ಬರೆದರೂ ಸಾಲದು, ಕೇಳಬೇಕು. ನನಗೂ ಇದು ಆಗಿದೆ. ಅಪ್ಪನ ಮೊಳೆಯ ಕೇಸುಗಳ, ಅಂದರೆ ಮೊಳೆ ಇಡುವ ಪೆಟ್ಟಿಗೆಗಳ ಬಗ್ಗೆ ಒಂದು ಬರಹ ಬರೆದಿದ್ದೆ. ಯಾವ ಮನೆಯಲ್ಲಿ ಯಾವ ಒತ್ತಕ್ಷರ ಇರುತ್ತಿತ್ತು, ಅಪ್ಪ ಕಣ್ಣು ಮುಚ್ಚಿಕೊಂಡು ಹೇಗೆ ತೆಗೆಯುತ್ತಿದ್ದರು ಅಂತ. ಒಂದು ವರ್ಷದ ನಂತರ ಗಿರಾಕಿಯೊಬ್ಬರು ಲಗ್ನಪತ್ರಿಕೆ ಮಾಡಿಸಲು ಬಂದಾಗ ಕೈಯಲ್ಲಿ ಒಂದು ಪತ್ರಿಕೆ ಇತ್ತು. ಅದರಲ್ಲಿ ನನ್ನ ಬರಹ. ನನ್ನ ಹೆಸರಿಲ್ಲ. “ನಮ್ಮ ಅಪ್ಪ” ಅಂತ ನಾನು ಬರೆದದ್ದು ಹಾಗೇ ಇತ್ತು, ಬೇರೆ ಯಾರದೋ ಅಪ್ಪನ ಹಾಗೆ. ಫೋನ್ ಮಾಡಿದೆ. “ನೆಟ್‌ನಲ್ಲಿ ಸಿಕ್ಕಿತು, ಹಾಕಿದೆವು ಮೇಡಂ” ಅಂದರು. ಅವತ್ತು ನನಗೆ ಊಟ ಸೇರಲಿಲ್ಲ.

ಆದ್ದರಿಂದ ನಿಮಗೆ ಹೇಳುತ್ತೇನೆ. ಮಾದಲಿ ಮಾಡುವ ವಿಧಾನ ಯಾರ ಸ್ವತ್ತೂ ಅಲ್ಲ, ಅದು ನಮ್ಮೆಲ್ಲರ ಅಜ್ಜಿಯರದು. ಆದರೆ ನೀವು ಬರೆದ ವಾಕ್ಯ ಮತ್ತು ನೀವು ತೆಗೆದ ಫೋಟೋ ನಿಮ್ಮದು. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ನಿಮಗಿದೆ. ನೋಂದಣಿ ಮಾಡಿಸಲೇಬೇಕು ಅಂತಿಲ್ಲ. ಮೊದಲು ಅವರ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ, ತಾರೀಖು ಕಾಣುವ ಹಾಗೆ. ಆಮೇಲೆ ಮರ್ಯಾದೆಯಿಂದ ಒಂದು ಪತ್ರ ಬರೆಯಿರಿ: ಇದು ನನ್ನದು, ಕಾಯಂ ಕೊಂಡಿ ಇದು, ತೆಗೆಯಿರಿ. ಒಂದು ವಾರ ನೋಡಿ. ತೆಗೆಯದಿದ್ದರೆ ಆ ತಾಣ ನಡೆಸುವ ಕಂಪನಿಗೆ ದೂರು ಕೊಡುವ ಫಾರ್ಮ್ ಇರುತ್ತದೆ, ತುಂಬಿಸಿ. ಮಗ ಸಹಾಯ ಮಾಡುತ್ತಾನೆ.

*

ಪ್ರಶ್ನೆ: ವ್ಲಾಗ್ ಅಂದ್ರೆ ಬ್ಲಾಗಿನ ತಪ್ಪು ಉಚ್ಚಾರಣೆಯಾ?
(ಓದುಗರು, ಕಲಘಟಗಿ)

ಅಲ್ಲ. ವಿಡಿಯೊ ಮತ್ತು ಬ್ಲಾಗ್ ಸೇರಿ ವ್ಲಾಗ್. ಬರೆಯುವ ಬದಲು ಕ್ಯಾಮೆರಾ ಮುಂದೆ ಹೇಳೋದು.

*

ಪ್ರಶ್ನೆ: ಮೊದಲು ಹತ್ತಾರು ಕನ್ನಡ ಬ್ಲಾಗುಗಳನ್ನು ಒಂದೇ ಕಡೆ ಓದುತ್ತಿದ್ದೆ. ‘ಫೀಡ್’ ಅನ್ನುತ್ತಿದ್ದರು. ಈಗ ಫೀಡ್ ಅಂದರೆ ಫೇಸ್‌ಬುಕ್ ಅನ್ನುತ್ತಾರೆ. ಎರಡೂ ಒಂದೇನಾ?
(ಬ್ಯಾಂಕ್ ಉದ್ಯೋಗಿ, ಧಾರವಾಡ)

ಹೆಸರು ಒಂದೇ ಸರ್, ಗುಣ ಬೇರೆ. ನೀವು ಹೇಳೋದು ಆರ್‌ಎಸ್‌ಎಸ್ ಫೀಡ್, 1999ರಲ್ಲಿ ಶುರುವಾದದ್ದು. ಯಾವ ಬ್ಲಾಗ್ ಬೇಕು ಅಂತ ನೀವು ಆರಿಸುತ್ತೀರಿ, ಹೊಸದು ಬಂದಾಗ ಅದು ನಿಮ್ಮ ಹತ್ತಿರ ಬರುತ್ತದೆ. ಮನೆಗೆ ಹಾಲು ಹಾಕಿಸಿಕೊಂಡ ಹಾಗೆ. ಫೇಸ್‌ಬುಕ್ಕಿನದು, ಅವರು ಏನು ಬಡಿಸುತ್ತಾರೋ ಅದು. ನೀವು ಬಳಸುತ್ತಿದ್ದದ್ದು ಬಹುಶಃ ಗೂಗಲ್ ರೀಡರ್. ಅದನ್ನು 2013ರ ಜುಲೈ 1ರಂದು ಮುಚ್ಚಿದರು. ಆದರೆ ಫೀಡ್ ಸತ್ತಿಲ್ಲ. ವರ್ಡ್‌ಪ್ರೆಸ್ (ಬ್ಲಾಗರ್ ಥರದ್ದೇ ಇನ್ನೊಂದು) ಬ್ಲಾಗಿನ ವಿಳಾಸದ ಕೊನೆಗೆ ಓರೆ ಗೆರೆ ಹಾಕಿ ಇಂಗ್ಲಿಷಿನಲ್ಲಿ ಫೀಡ್ ಅಂತ ಬರೆದರೆ ಸಾಮಾನ್ಯವಾಗಿ ಈಗಲೂ ಸಿಗುತ್ತದೆ. ಫೀಡ್ ಓದುವ ಆ್ಯಪ್‌ಗಳೂ ಇವೆ. ಮತ್ತೆ ಶುರು ಮಾಡಿ, ಒಂದು ಸಂಜೆಯ ಕೆಲಸ ಅಷ್ಟೇ.

*

ಪ್ರಶ್ನೆ: ನಾನು ಕೆಲಸ ಮಾಡುವ ಕಚೇರಿಯಲ್ಲಿ ನಡೆಯೋದನ್ನ ಬೇರೆ ಹೆಸರಿನಲ್ಲಿ ಬ್ಲಾಗಿನಲ್ಲಿ ಬರೆಯುತ್ತಿದ್ದೇನೆ. ಗೆಳತಿ ಹೆದರಿಸುತ್ತಿದ್ದಾಳೆ, ‘ಡೂಸ್’ ಆಗ್ತೀಯ ಅಂತ.
(ಹೆಸರು ಬೇಡ, ರಾಣೆಬೆನ್ನೂರು)

ತಂಗಿ, ಗೆಳತಿ ನಿಮ್ಮ ಒಳ್ಳೆಯದಕ್ಕೇ ಹೇಳಿದ್ದಾಳೆ. ಹೆದರ್ ಆರ್ಮ್‌ಸ್ಟ್ರಾಂಗ್ ಎಂಬ ಅಮೆರಿಕದ ಬ್ಲಾಗಿಗರು ‘ಡೂಸ್’ ಅನ್ನುವ ಹೆಸರಿನ ತಾಣದಲ್ಲಿ ಬರೆಯುತ್ತಿದ್ದರು. ಆಫೀಸಿನ ಬಗ್ಗೆ, ಜೊತೆಯವರ ಬಗ್ಗೆ ಬರೆದದ್ದು ಗೊತ್ತಾಗಿ 2002ರಲ್ಲಿ ಅವರ ಕೆಲಸ ಹೋಯಿತು. ಅಲ್ಲಿಂದ ಬ್ಲಾಗ್ ಬರೆದು ಕೆಲಸ ಕಳೆದುಕೊಂಡರೆ ‘ಡೂಸ್ಡ್’ ಅನ್ನೋ ಮಾತು ಹುಟ್ಟಿತು.

ಬೇರೆ ಹೆಸರು ನಿಮ್ಮನ್ನು ಕಾಯುತ್ತದೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಕಾವ್ಯನಾಮದ ರೂಢಿ ಇದೆ. ಆದರೆ ಅಂಬಿಕಾತನಯದತ್ತ ಅಂದರೆ ಬೇಂದ್ರೆ ಅಂತ ಸಾಧನಕೇರಿಯಲ್ಲಿ ಯಾರಿಗೆ ಗೊತ್ತಿರಲಿಲ್ಲ? ಕಾವ್ಯನಾಮ ಮುಚ್ಚಿಡಲು ಇಟ್ಟುಕೊಳ್ಳುವ ಹೆಸರಲ್ಲ. ನಿಮಗೆ ಬೇಕಿರೋದು ಗುಪ್ತನಾಮ, ಅದು ಸಣ್ಣ ಊರಿನಲ್ಲಿ ನಿಲ್ಲುವುದು ಕಷ್ಟ. ನೀವು ನನಗೆ ಕಳಿಸಿದ ನಾಲ್ಕು ಬರಹಗಳಲ್ಲಿ ಹೆಸರೇನೂ ಇಲ್ಲ, ಸರಿ. ಆದರೆ ಮೇಲಧಿಕಾರಿ ಚಹಾದ ಕಪ್ಪಿನ ಮೇಲೆ ಬಸಿ ಮುಚ್ಚಿ ಇಡುವ ಅಭ್ಯಾಸ, ಅವರ ಮೊಬೈಲಿನ ರಿಂಗ್‌ಟೋನ್, ಕಿಟಕಿಯಿಂದ ಕಾಣುವ ಬೇವಿನ ಮರ, ಎಲ್ಲ ಇದೆ. ನಿಮ್ಮ ಪಕ್ಕದ ಟೇಬಲ್ಲಿನವರು ಎರಡನೇ ಸಾಲಿಗೇ ಗುರುತು ಹಿಡಿಯುತ್ತಾರೆ. ನೀವು ಚೆನ್ನಾಗಿ ನೋಡುತ್ತೀರಿ, ಚೆನ್ನಾಗಿ ಬರೆಯುತ್ತೀರಿ, ತೊಂದರೆ ಇರೋದೇ ಅಲ್ಲಿ. ದಯವಿಟ್ಟು ಆ ನಾಲ್ಕು ಬರಹಗಳನ್ನು ಇವತ್ತೇ ‘ಡ್ರಾಫ್ಟ್’ಗೆ ಹಾಕಿ. ಅಳಿಸಬೇಡಿ. ಡ್ರಾಫ್ಟ್ ಅಂದರೆ ಕರಡು, ನಿಮಗೆ ಮಾತ್ರ ಕಾಣುತ್ತದೆ. ಕೆಲಸ ಬದಲಾದ ಮೇಲೆ, ಅಥವಾ ಅದನ್ನು ಕಥೆ ಮಾಡುವ ಮನಸ್ಸಾದಾಗ, ಬಸಿಯನ್ನೂ ಮರವನ್ನೂ ಬದಲಿಸಿ ತೆಗೆಯಿರಿ. ಕಚೇರಿಯಲ್ಲಿ ನಿಜವಾಗಿ ಅನ್ಯಾಯ ನಡೆಯುತ್ತಿದ್ದರೆ ಅದನ್ನು ಲಿಖಿತ ದೂರಾಗಿ ಕೊಡಿ, ಬ್ಲಾಗಿನಲ್ಲಿ ಬೇಡ.

*

ಪ್ರಶ್ನೆ: ನನ್ನ ಬ್ಲಾಗರ್ ಪುಟದಲ್ಲಿ ಯಾವ ಕವಿತೆ ಹಾಕಿದರೂ ವಿಳಾಸದ ಕೊನೆಗೆ ‘ಬ್ಲಾಗ್-ಪೋಸ್ಟ್’ ಅಂತಲೇ ಬರುತ್ತೆ, ಮುಂದೆ ಒಂದು ನಂಬರು. ಗೆಳೆಯನ ವರ್ಡ್‌ಪ್ರೆಸ್‌ನಲ್ಲಿ ಶೇಕಡಾ ಚಿಹ್ನೆಗಳ ಉದ್ದನೆ ಸಾಲು. ಸೆಟ್ಟಿಂಗ್‌ನಲ್ಲಿ ‘ಸ್ಲಗ್’ ಸರಿಮಾಡು ಅಂತಾರೆ. ಸ್ಲಗ್ ಅಂದ್ರೆ ಗೊಣ್ಣೆಹುಳ ಅಂತ ನಿಘಂಟಿನಲ್ಲಿದೆ!
(ಯುವಕ, ನರಗುಂದ)

ಈ ಪ್ರಶ್ನೆಗೆ ಉತ್ತರ ನನ್ನ ಮೇಜಿನ ಮೇಲೇ ಇದೆ. ಬೆರಳುದ್ದದ ಒಂದು ಸೀಸದ ಪಟ್ಟಿ. ಪ್ರೆಸ್ಸು ಆಫ್‌ಸೆಟ್‌ಗೆ ತಿರುಗಿದಾಗ ಮೊಳೆಗಳನ್ನೆಲ್ಲ ಕರಗಿಸಲು ತೂಕದ ಮೇಲೆ ಕೊಟ್ಟರು. ಅಪ್ಪ ಇದೊಂದನ್ನು ಜೇಬಿನಲ್ಲಿ ಹಾಕಿಕೊಂಡು ಬೆಟಗೇರಿಯ ಮನೆಗೆ ತಂದರು. ಮೊಳೆಯ ಸಾಲು ಮತ್ತು ಸಾಲಿನ ನಡುವೆ ಇಂಥ ಪಟ್ಟಿ ಇಡುತ್ತಿದ್ದರು. ಇದು ಮೊಳೆಗಿಂತ ಗಿಡ್ಡ, ಹಾಗಾಗಿ ಮಸಿ ತಾಗುವುದಿಲ್ಲ. ಕಾಗದದ ಮೇಲೆ ಬರೀ ಬಿಳಿ ಜಾಗ ಬೀಳುತ್ತದೆ. ಅಪ್ಪ ಲೆಡ್ಡು ಅನ್ನುತ್ತಿದ್ದರು. ಇದರ ದಪ್ಪನೆಯ ಜಾತಿಗೆ ಇಂಗ್ಲಿಷ್ ಪ್ರೆಸ್ಸುಗಳಲ್ಲಿ ಸ್ಲಗ್ ಅಂತ ಹೆಸರು. ಲೈನೊಟೈಪ್ ಯಂತ್ರ ಬಂದಾಗ, ಅದು ಒಂದೇ ಎರಕದಲ್ಲಿ ಇಡೀ ಸಾಲನ್ನು ಹೊಯ್ಯುತ್ತಿತ್ತು, ಆ ಸಾಲಿಗೂ ಸ್ಲಗ್ ಅಂದರು. ಆಮೇಲೆ ಪತ್ರಿಕೆಯವರು ಅಚ್ಚಾಗುವ ಮುಂಚೆ ಸುದ್ದಿಗೆ ಇಡುವ ಗಿಡ್ಡ ಗುರುತಿನ ಹೆಸರಿಗೂ ಸ್ಲಗ್ ಅಂದರು. ಬ್ಲಾಗಿನವರು ತೆಗೆದುಕೊಂಡದ್ದು ಆ ಕೊನೆಯ ಅರ್ಥ: ಬರಹದ ವಿಳಾಸದ ಕೊನೆಗೆ ಬರುವ ಗಿಡ್ಡ ಹೆಸರು. ಸೀಸ ಹೋದರೂ ಹೆಸರು ಬಂದಿದೆ. ಇದು ತಿಳಿದ ದಿನ ಅಪ್ಪನಿಗೆ ಪರದೆಯ ಮೇಲೆ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. “ಇಲ್ಲಿಗೂ ಬಂತೇನು ಇದು” ಅಂದರು.

ಈಗ ನಿಮ್ಮ ತೊಂದರೆ. ತಲೆಬರಹ ಪೂರ್ತಿ ಕನ್ನಡದಲ್ಲಿದ್ದರೆ ಬ್ಲಾಗರ್ ಅದರಿಂದ ಸ್ಲಗ್ ಮಾಡುವುದಿಲ್ಲ, ‘ಬ್ಲಾಗ್-ಪೋಸ್ಟ್’ ಅಂತ ಹಾಕಿಬಿಡುತ್ತದೆ. ವರ್ಡ್‌ಪ್ರೆಸ್ ಕನ್ನಡವನ್ನು ಇಟ್ಟುಕೊಳ್ಳುತ್ತದೆ. ಆದರೆ ವಿಳಾಸವನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಿದಾಗ ಒಂದೊಂದು ಕನ್ನಡ ಚಿಹ್ನೆಯೂ ಶೇಕಡಾ ಗುರುತಿನ 9 ಅಕ್ಷರಗಳಾಗಿ ಬಿಚ್ಚಿಕೊಳ್ಳುತ್ತದೆ. ‘ಗದಗ’ ಅಂತ ಬರೆದರೆ 27. ‘ಹುಬ್ಬಳ್ಳಿ’ ಅಂದರೆ ಒತ್ತು, ಗುಣಿತ ಎಲ್ಲ ಸೇರಿ ಒಳಗೆ 9 ಚಿಹ್ನೆ, ಹೊರಗೆ 81 ಅಕ್ಷರ! ಕವಿತೆಯ ಪೂರ್ತಿ ಮೊದಲ ಸಾಲನ್ನೇ ತಲೆಬರಹ ಮಾಡಿದರೆ ವಾಟ್ಸಾಪ್‌ನಲ್ಲಿ ಅರ್ಧ ಪರದೆ ತುಂಬುತ್ತದೆ.

ಬ್ಲಾಗರ್‌ನಲ್ಲಿ ಬರೆಯುವ ಪುಟದ ಬದಿಗೆ ‘ಪರ್ಮಾಲಿಂಕ್’ ಅಂತ ಇರುತ್ತದೆ. ಅದನ್ನು ತೆರೆದು ಕಸ್ಟಮ್ ಆರಿಸಿ, ಇಂಗ್ಲಿಷ್ ಅಕ್ಷರದಲ್ಲಿ ಎರಡು ಪದ ಸಾಕು. ಮಳೆಯ ಕವಿತೆಯಾದರೆ ‘ಮಳೆ-ಕವಿತೆ’ ಅಂತ ಇಂಗ್ಲಿಷ್ ಲಿಪಿಯಲ್ಲಿ, ನಡುವೆ ಅಡ್ಡಗೆರೆ. ಗೆಳೆಯನಿಗೂ ಇದನ್ನೇ ಹೇಳಿ. ಪ್ರಕಟಿಸುವ ಗುಂಡಿ ಒತ್ತುವ ಮೊದಲೇ ಮಾಡಬೇಕು. ಹಳೆಯ ಕವಿತೆಗಳ ವಿಳಾಸ ಮುಟ್ಟಬೇಡಿ. ಯಾರೋ ಎಲ್ಲೋ ಆ ಕೊಂಡಿಯನ್ನು ಇಟ್ಟುಕೊಂಡಿರುತ್ತಾರೆ.